ಕ್ಷೇತ್ರ-ಬೀಜ ವಿಚಾರವೂ ಅಂಡಾಶಯದ ಚರಿತ್ರೆಯೂ

ಸ್ತ್ರೀಯು ಕ್ಷೇತ್ರ, ಪುರುಷನು ಬೀಜವೆಂಬ ಮಾತು ನಮ್ಮ ಧರ್ಮಶಾಸ್ತ್ರಗಳನ್ನು ಓದಿದವರಿಗೆ ಚಿರಪರಿಚಿತವಾದುದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಈ ವಿಚಾರವು ವಿಸ್ತಾರವಾಗಿ ಬಂದು, ಎರಡರೊಳಗೆ ಬೀಜಕ್ಕೇ ಉತ್ಕೃಷ್ಟತೆಯು ಹೇಳಲ್ಪಟ್ಟಿದೆ. ಪಾಠಶಾಲೆಯಲ್ಲಿ ಆ ಭಾಗವನ್ನು ಕಂಠಪಾಠ ಮಾಡಿದ ನಾವು, ಕ್ಷೇತ್ರದೊಳಗೂ ಬೀಜವಿದ್ದೀತೇ ಎಂದು ಗುರುಗಳನ್ನು ಒಮ್ಮೆಯಾದರೂ ಕೇಳಿದವರಲ್ಲ. ಆ ಪ್ರಶ್ನೆಗೆ ಉತ್ತರವು ದೊರೆತ ಬಗೆಯನ್ನು ಸಂಕ್ಷೇಪವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಗರ್ಭಾಶಯದ ಎರಡು ಪಕ್ಕಗಳಲ್ಲಿ ಬಾದಾಮಿಯ ಆಕಾರದ ಎರಡು ಅಂಗಗಳಿವೆ. ಉದ್ದದಲ್ಲಿ ಒಂದೊಂದೂ ಸುಮಾರು 3ರಿಂದ 5 ಸೆಂಟಿಮೀಟರು. ಇವೇ ಅಂಡಾಶಯಗಳು. ಇವುಗಳ ಹೊರಪದರದಲ್ಲಿ ಅಸಂಖ್ಯಾತವಾದ ಸೂಕ್ಷ್ಮ ಕೋಶಕಗಳಿದ್ದು, ಒಂದೊಂದರೊಳಗೂ ಒಂದು ಅಂಡವು ಅಡಗಿರುತ್ತದೆ. ಹೆಣ್ಣುಶಿಶುವು ಭೂಮಿಗೆ ಬರುವಾಗಲೇ ಇಂತಹ ಹತ್ತರಿಂದ ಇಪ್ಪತ್ತು ಲಕ್ಷ ಅಂಡಗಳನ್ನು ಹೊತ್ತು ತರುತ್ತದೆ. ಪ್ರಾಯಕ್ಕೆ ಬರುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಮಾತ್ರ ಉಳಿದಿರುತ್ತವೆ. ಅವುಗಳಲ್ಲಿಯೂ ಪಕ್ವವಾಗಿ ಹೊರಬೀಳುವವು ಜೀವಮಾನದಲ್ಲಿ 400ರಿಂದ 500. ಸಾಮಾನ್ಯವಾಗಿ ತಿಂಗಳಿಗೊಂದು ಕೋಶಕವು ದ್ರವದಿಂದ ತುಂಬಿ ಗುಳ್ಳೆಯಂತೆ ಉಬ್ಬಿ ಒಡೆಯಲು, ಅಂಡವು ಹೊರಬಿದ್ದು ಅಂಡನಾಳವನ್ನು ಸೇರುತ್ತದೆ.

ಪ್ರಾಚೀನರಿಗೆ ಇದು ಹೇಗೆ ತಾನೆ ತಿಳಿದೀತು? ಆದರೂ ನಮ್ಮ ವೈದ್ಯರು ಧರ್ಮಶಾಸ್ತ್ರಕಾರರಿಗಿಂತ ಉದಾರಿಗಳಾಗಿದ್ದರೆಂಬುದನ್ನು ಮರೆಯಲಾಗದು. ಶುಕ್ರ ಮತ್ತು ಆರ್ತವ ಎರಡೂ ಕೂಡಿದರೆ ಗರ್ಭವೆಂದು ಸುಶ್ರುತನು ಹೇಳುತ್ತಾನೆ. ಮಗುವಿನ ರಕ್ತಮಾಂಸಾದಿಗಳು ತಾಯಿಯಿಂದ ಬಂದವೆಂಬುದು ಚರಕನ ಮತ. ಆದರೆ ಅವರು ಹೇಳಿದ ಸ್ತ್ರೀಭಾಗವು ಕಣ್ಣಿಗೆ ಕಾಣುವ ರಕ್ತಕ್ಕೆ ಸಂಬಂಧಿಸಿದುದೇ ಹೊರತು ಅಂಡವಲ್ಲ. ಸಕಲವೂ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಹೇಳಿಕೊಳ್ಳುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

ಗ್ರೀಕರಲ್ಲಿಯೂ ಇದೇ ವಾದವು ನಡೆದಿತ್ತು. ಸ್ತ್ರೀಯು ದ್ರವ್ಯವನ್ನು ಮಾತ್ರ ಒದಗಿಸುವಳು, ರೂಪವನ್ನು ಕೊಡುವವನು ಪುರುಷನೆಂದು ಅರಿಸ್ಟಾಟಲನು ಬರೆದನು. ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯದ ಹೆರೋಫಿಲಸನು ಶರೀರಚ್ಛೇದ ಮಾಡಿ ಈ ಅಂಗಗಳನ್ನು ಕಂಡನು. ಕಂಡು, ಪುರುಷನ ವೃಷಣಗಳಿಗೆ ಹೋಲಿಸಿದನು. ಅಂದಿನಿಂದ ಸುಮಾರು ಎರಡು ಸಾವಿರ ವರ್ಷ ಅವು "ಸ್ತ್ರೀವೃಷಣ"ಗಳೆಂದೇ ಕರೆಯಲ್ಪಟ್ಟವು. ಇವು ಪುರುಷಾಂಗದ ದುರ್ಬಲವಾದ ಪ್ರತಿಕೃತಿಯೆಂಬ ಭಾವನೆಯು ಆ ಹೆಸರಿನೊಡನೆಯೇ ಬೇರೂರಿತು. ಅಂಗವು ಕಣ್ಣೆದುರಿಗಿದ್ದರೂ ಹೆಸರು ಕಣ್ಣಿಗೆ ಬಟ್ಟೆ ಕಟ್ಟಿತು.

ಇಂಗ್ಲೆಂಡಿನ ವಿಲಿಯಂ ಹಾರ್ವೆಯು ರಕ್ತಪರಿಚಲನೆಯನ್ನು ಕಂಡುಹಿಡಿದ ಮಹಾನುಭಾವನು. ಅವನೂ ರಾಜೋದ್ಯಾನದ ಹೆಣ್ಣುಜಿಂಕೆಗಳನ್ನು ಛೇದಿಸಿ ನೋಡಿ, ಸಮಸ್ತ ಪ್ರಾಣಿಗಳೂ ಅಂಡದಿಂದಲೇ ಹುಟ್ಟುವುವೆಂದು 1651ರಲ್ಲಿ ಸಾರಿದನು. ಆದರೆ ಈ ಅಂಗಗಳಿಗೆ ಆ ಕಾರ್ಯದಲ್ಲಿ ಪಾತ್ರವಿಲ್ಲವೆಂದೇ ತಿಳಿದನು. 1667ರಲ್ಲಿ ಡೆನ್ಮಾರ್ಕಿನ ಸ್ಟೆನೋ ಎಂಬವನು ಮರಿಹಾಕುವ ಜಾತಿಯ ಮೀನೊಂದನ್ನು ಪರೀಕ್ಷಿಸಿ, ಸ್ತ್ರೀವೃಷಣವೆಂಬುದು ಹಕ್ಕಿಗಳಲ್ಲಿರುವಂತೆ ಅಂಡಾಶಯವೇ ಎಂದು ನುಡಿದನು. 1672ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ವೈದ್ಯ ರೇನಿಯರ್ ಡಿ ಗ್ರಾಫ್ ಮೊಲಗಳಲ್ಲಿ ಇದನ್ನು ತೋರಿಸಿಕೊಟ್ಟನು. ಆತನು ಅಂಡಾಶಯದಲ್ಲಿ ಒಡೆದ ಗುಳ್ಳೆಗಳನ್ನೂ ಗರ್ಭದಲ್ಲಿದ್ದ ಮರಿಗಳನ್ನೂ ಎಣಿಸಿ ಹೋಲಿಸಿದನು. ಆದರೆ ಅಂಡನಾಳದಲ್ಲಿ ಕಂಡ ಅಂಡವು ಅಂಡಾಶಯದ ಗುಳ್ಳೆಗಿಂತ ಬಹಳ ಚಿಕ್ಕದಾಗಿದ್ದುದು ಏಕೆಂಬುದು ಬಿಡಿಸಲಾರದ ಒಗಟಾಯಿತು. ಮರುವರ್ಷವೇ, ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಒಗಟು ಬಿಡಲು 155 ವರ್ಷ ಹಿಡಿಯಿತು. 1827ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿದ್ದ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್, ಒಂದು ಹೆಣ್ಣುನಾಯಿಯ ಅಂಡಾಶಯದ ಕೋಶಕದೊಳಗೆ ಹಳದಿಯ ಸಣ್ಣ ಚುಕ್ಕೆಯೊಂದನ್ನು ಕಂಡು, ಅದನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಗುಳ್ಳೆಯು ಅಂಡವಲ್ಲ, ಅಂಡದ ಮನೆ. ಅಂಡವಾದರೋ ಅದರೊಳಗಿನ ಕಣವೆಂಬುದು ಆಗ ಸ್ಪಷ್ಟವಾಯಿತು. ಮಾನವಸ್ತ್ರೀಯ ಅಂಡದ ವ್ಯಾಸವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಮಾತ್ರ. 1876ರಲ್ಲಿ ಆಸ್ಕರ್ ಹರ್ಟ್‌ವಿಗ್ ಎಂಬವನು ಕಡಲಮುಳ್ಳಿಯೆಂಬ ಸಮುದ್ರಪ್ರಾಣಿಯಲ್ಲಿ ಪುರುಷಬೀಜವೂ ಅಂಡವೂ ಒಂದಾಗುವುದನ್ನು ವರ್ಣಿಸಿದನು. 1883ರಲ್ಲಿ ಬೆಲ್ಜಿಯಂ ದೇಶದ ಫಾನ್ ಬೆನೆಡೆನ್, ಕುದುರೆಯ ಕರುಳಿನ ಹುಳುವಿನ ಅಂಡದಲ್ಲಿ ತಂದೆಯಿಂದಲೂ ತಾಯಿಯಿಂದಲೂ ವರ್ಣತಂತುಗಳು ಸಮಸಂಖ್ಯೆಯಲ್ಲಿ ಬರುವುದನ್ನು ಕಂಡನು. ಬೀಜವು ಎರಡು ಕಡೆಯದು ಎಂಬುದು ಹೀಗೆ ಸಿದ್ಧವಾಯಿತು.

ಅಂಡಾಶಯದ ಕೆಲಸವು ಇಷ್ಟಕ್ಕೆ ಮುಗಿಯದು. ಕೋಶಕದಲ್ಲಿ ಹುಟ್ಟುವ ಈಸ್ಟ್ರೊಜೆನ್ ಎಂಬ ರಸವು ಸ್ತ್ರೀಲಕ್ಷಣಗಳನ್ನು ಬೆಳೆಯಿಸುವುದೆಂಬುದಕ್ಕೆ 1923ರಲ್ಲಿ ಅಮೆರಿಕದ ಆಲೆನ್ ಮತ್ತು ಡಾಯ್ಸಿ ದಾರಿ ತೋರಿದರು. ಅಂಡವು ಹೊರಬಿದ್ದ ಮೇಲೆ ಉಳಿಯುವ ಕೋಶಕವೇ ಪೀತಪಿಂಡವಾಗಿ ಮಾರ್ಪಟ್ಟು ಗರ್ಭವನ್ನು ಕಾಪಾಡುವ ಮತ್ತೊಂದು ರಸವನ್ನು ಸ್ರವಿಸುವುದೆಂದು 1929ರಲ್ಲಿ ಕಾರ್ನರ್ ಮತ್ತು ಆಲೆನ್ ತೋರಿಸಿದರು. ಆ ಅಂಗವೇ ಬೀಜವನ್ನೂ ಕೊಟ್ಟು ಕ್ಷೇತ್ರವನ್ನೂ ಹದಗೊಳಿಸುತ್ತದೆ.

ಇದರಿಂದ ನಮಗೇನೆಂದು ವಾಚಕರು ಕೇಳಬಹುದು. "ಬಂಜೆ" ಎಂಬುದು ಸಂಸ್ಕೃತದ ವಂಧ್ಯಾ ಶಬ್ದದ ತದ್ಭವ. ಮೂಲದಲ್ಲಿ ವಂಧ್ಯವೆಂಬುದು ಮೂರು ಲಿಂಗಗಳಲ್ಲಿಯೂ ನಡೆಯುವ ವಿಶೇಷಣ. ಕನ್ನಡದಲ್ಲಿ ನಾವು ಸ್ತ್ರೀಲಿಂಗವನ್ನು ಮಾತ್ರ ಉಳಿಸಿಕೊಂಡೆವು. ನನ್ನ ಸೋದರತ್ತೆಯೊಬ್ಬರು ಮಕ್ಕಳಾಗಲಿಲ್ಲವೆಂಬ ಕಾರಣದಿಂದ ಗಂಡನ ಮನೆಯಿಂದ ಹಿಂದಕ್ಕೆ ಬಂದು, ನಮ್ಮ ಮನೆಯಲ್ಲಿಯೇ ಆಯುಷ್ಯವನ್ನು ಕಳೆದರು. ಅವರನ್ನು ಯಾವ ವೈದ್ಯರೂ ಪರೀಕ್ಷಿಸಿರಲಿಲ್ಲ. ಅವರ ಗಂಡನನ್ನು ಪರೀಕ್ಷಿಸಬೇಕೆಂದಂತೂ ಯಾರಿಗೂ ತೋರಲಿಲ್ಲ. ಶುಭಕಾರ್ಯಗಳ ದಿನ ಅವರು ಹಿತ್ತಲಿನ ಕಡೆಯೇ ಇರುತ್ತಿದ್ದರು. ಸಂತಾನವಾಗದಿರುವ ಕಾರಣವು ಸ್ತ್ರೀಯಲ್ಲಿರಬಹುದು, ಪುರುಷನಲ್ಲಿರಬಹುದು, ಇಬ್ಬರಲ್ಲಿಯೂ ಇರಬಹುದೆಂದು ಇಂದು ವೈದ್ಯರೆಲ್ಲರೂ ಬಲ್ಲರು. ಆ ಅರಿವು ವೈದ್ಯರ ಕೊಠಡಿಯಿಂದ ನಮ್ಮ ಮನೆಗಳ ಮಾತಿಗೆ ಇಳಿದು ಬರಬೇಕಾಗಿದೆ. ಒಂದು ಹೆಸರನ್ನು ತಿದ್ದಿಕೊಳ್ಳಲು ಪಂಡಿತರಿಗೆ ಎರಡು ಸಾವಿರ ವರ್ಷ ಬೇಕಾಯಿತು; ನಾವಾದರೂ ಅಷ್ಟು ತಡಮಾಡದಿರೋಣ.