ಪೀಪಾಯಿಯಲ್ಲಿ ಉಳಿದ ಮದ್ಯ

ಬ್ರಸೆಲ್ಸಿನ ಕೆಫೆಯೊಂದರಲ್ಲಿ ಬರ್ಬನ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಾಗಿದ ಕಡು ಏಲ್ ಕುಡಿದೆ. ಮೊದಲು ವೆನಿಲ್ಲಾದ ಪರಿಮಳ, ಆಮೇಲೆ ಕಂದಿಸಿದ ಸಕ್ಕರೆ, ಮರದ ಒಗರು; ಕೊನೆಗೆ ಗಂಟಲಲ್ಲಿ ವಿಸ್ಕಿಯ ಬಿಸಿ.

ಒಂದು ಕಾಲಕ್ಕೆ ಆ ಬಿಸಿಗೆ ಇಲ್ಲಿ ಪ್ರವೇಶವಿರಲಿಲ್ಲ. ಸಮಾಜವಾದಿ ಮಂತ್ರಿ ಎಮಿಲ್ ವಾಂಡರ್‌ವೆಲ್ಡೆಯ 1919ರ ಕಾಯಿದೆ ಕೆಫೆಗಳಲ್ಲಿ ಜಿನ್‌ನಂಥ ಮದ್ಯವನ್ನು ನಿಷೇಧಿಸಿತು. ಅಂಗಡಿಯಲ್ಲಿ ಸಿಗುತ್ತಿತ್ತು, ಆದರೆ ಕನಿಷ್ಠ 2 ಲೀಟರ್ ಕೊಳ್ಳಬೇಕು. ಕೂಲಿಕಾರನ ಕೈಗೆ ಅದು ಎಟುಕದಿರಲಿ ಎಂಬುದೇ ಉದ್ದೇಶ. ಕಡು ಬಿಯರಿಗೆ ಗಿರಾಕಿ ಹೆಚ್ಚಿತು. ವೆಸ್ಟ್‌ಮಾಲೆ ಮಠದ ಸನ್ಯಾಸಿಗಳು 1934ರಲ್ಲಿ ತಂದ ಟ್ರಿಪೆಲ್‌ನಲ್ಲಿ ಇಂದು ಶೇ. 9.5 ಆಲ್ಕೋಹಾಲ್ ಇದೆ. ಕಾಯಿದೆ ಹೋದದ್ದು 1980ರ ದಶಕದಲ್ಲಿ.

ಅಮೆರಿಕದ ನಿಯಮದಂತೆ ಬರ್ಬನ್ನಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಒಮ್ಮೆ ಬಳಸಿದ್ದು ಬೇರೆಯವರಿಗೆ ಮಾರಾಟ. ಹೀಗೆ ಕೆಫೆಯಿಂದ ಹೊರಬಿದ್ದಿದ್ದ ಮದ್ಯ ಹಲಗೆಯಲ್ಲಿ ಇಂಗಿ, ಬಿಯರಿನೊಳಗೇ ಮರಳಿದೆ.

ನಾನು ಮುಂಬಯಿಯ ಚಾಳಿನವನು. ನಮ್ಮಲ್ಲೂ 1949ರ ಪಾನನಿಷೇಧ ಕಾಯಿದೆಯಿತ್ತು. ಗಿರಣಿಯಿಂದ ಬರುವಾಗ ಅಪ್ಪ ಕಳ್ಳಭಟ್ಟಿಯ ಅಡ್ಡೆಗೆ ಹೋಗುತ್ತಿದ್ದರು. ಅವರನ್ನು ಕರೆತರಲು ಅವ್ವ ನನ್ನನ್ನು ಕಳಿಸುತ್ತಿದ್ದಳು. ವಾಂಡರ್‌ವೆಲ್ಡೆಯ ಮೇಲೆ ನನಗೆ ನಗು ಬರಲಿಲ್ಲ. ಅವನು ಯಾರ ಮನೆಯನ್ನು ನೆನೆದು ಆ ಕಾಯಿದೆ ಬರೆದನೋ, ಅಂಥ ಮನೆಯಲ್ಲೇ ನಾನು ಬೆಳೆದದ್ದು. ಏಲ್ ರುಚಿಯಾಗಿತ್ತು. ಎರಡನೆಯದನ್ನು ತರಿಸಲಿಲ್ಲ.