ಆದೇಶದ ಕಾಗದ ಯಾರ ಕೈಯಲ್ಲಿತ್ತು? ಕರ್ನಾಟಕದಿಂದ ನೋಡಿದ ಫೋನ್ ಕದ್ದಾಲಿಕೆಯ ಚರಿತ್ರೆ

1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ರಾಜಕಾರಣಿಗಳ ಫೋನುಗಳನ್ನು ರಾಜ್ಯದ ಪೊಲೀಸರು ಕದ್ದಾಲಿಸಿದರೆಂಬ ಆರೋಪ ಅವರನ್ನು ಕೆಳಗಿಳಿಸಿತ್ತು, 13ರಂದು ಎಸ್.ಆರ್. ಬೊಮ್ಮಾಯಿ ಅಧಿಕಾರ ವಹಿಸಿಕೊಂಡರು. ಈ ಪ್ರಸಂಗವನ್ನು ಜನತಾ ಪರಿವಾರದ ಒಳಜಗಳವೆಂದು ಓದುವುದೇ ರೂಢಿ. ಅದು ಹೊರಬಿದ್ದ ಬಗೆಯೇ ಇಲ್ಲಿ ಹೆಚ್ಚು ಮುಖ್ಯ. ಆಗ ಟೆಲಿಫೋನ್ ಎಂದರೆ ಕೇಂದ್ರ ಸರ್ಕಾರದ ಇಲಾಖೆ. ಪೊಲೀಸರಿಗೆ ಒಂದು ನಂಬರು ಬೇಕಾದರೆ ಆ ಇಲಾಖೆಯನ್ನೇ ಕೇಳಬೇಕು, ಎಕ್ಸ್‌ಚೇಂಜಿನವರೇ ಆ ಲೈನಿನಿಂದ ಇನ್ನೊಂದು ತಂತಿ ಎಳೆದುಕೊಡಬೇಕು. ಬೆಂಗಳೂರಿನಲ್ಲಿ ಜನತಾ, ದೆಹಲಿಯಲ್ಲಿ ಕಾಂಗ್ರೆಸ್. ಗುಟ್ಟಿನ ಕಾಗದ ಎದುರಾಳಿಯ ಕಪಾಟು ಸೇರಿದ ಮೇಲೆ ಅದು ಎಷ್ಟು ದಿನ ಗುಟ್ಟಾಗಿರಲು ಸಾಧ್ಯ?

ಈ ಅಧಿಕಾರದ ಬೇರು 1885ರ ಟೆಲಿಗ್ರಾಫ್ ಕಾಯ್ದೆಯ 5ನೇ ಕಲಮಿನಲ್ಲಿದೆ. ಸಾರ್ವಜನಿಕ ತುರ್ತು, ಸಾರ್ವಜನಿಕ ಸುರಕ್ಷತೆ ಎಂಬ ಎರಡು ಕಾರಣಗಳನ್ನು ವಸಾಹತು ಸರ್ಕಾರ ಬರೆದಿಟ್ಟಿತು, ಸ್ವತಂತ್ರ ಭಾರತ ಉಳಿಸಿಕೊಂಡಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಮೊಕದ್ದಮೆಯಲ್ಲಿ 1996ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು: ಆದೇಶ ಗೃಹ ಕಾರ್ಯದರ್ಶಿಯದ್ದೇ ಆಗಿರಬೇಕು, ಎರಡು ತಿಂಗಳಿಗೆ ಮುಗಿಯಬೇಕು, ವಿಸ್ತರಿಸಿದರೂ ಆರು ತಿಂಗಳು ಮೀರಬಾರದು. ಆಲಿಸಬೇಕಾದದ್ದು ಇಂಥ ವ್ಯಕ್ತಿ, ಇಂಥ ನಂಬರು ಎಂದು ಮೊದಲೇ ಗೊತ್ತಿರುತ್ತದೆಂಬ ಊಹೆಯ ಮೇಲೆಯೇ ಈ ಎಲ್ಲ ರಕ್ಷಣೆ ನಿಂತಿದೆ.

ಹೊರದೇಶಗಳಲ್ಲಿ ಆ ಊಹೆ ಮುರಿಯಿತು. ಅಮೆರಿಕದ ಗುಪ್ತಚರ ವಿಭಾಗದ ಮಾಜಿ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳ ಪ್ರಕಾರ ಆ ದೇಶದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ಬಹಾಮಾಸ್ ದ್ವೀಪರಾಷ್ಟ್ರದ ಬಹುತೇಕ ಎಲ್ಲ ಮೊಬೈಲ್ ಕರೆಗಳನ್ನೂ ಧ್ವನಿಸಮೇತ ಹಿಡಿದು ಒಂದು ತಿಂಗಳವರೆಗೆ ಇಟ್ಟುಕೊಳ್ಳುತ್ತಿತ್ತು. ಇದು ಬಯಲಾದದ್ದು 2014ರ ಮೇ ತಿಂಗಳಲ್ಲಿ. ಟೊಮೆಟೊ ದರ ಕೇಳಲು ಕ್ಯಾಲನೂರಿನ ರೈತ ಕೋಲಾರದ ಎಪಿಎಂಸಿ ಮಂಡಿಗೆ ಮಾಡುವ ಕರೆಯೂ ಅಂಥ ಬಲೆಯಲ್ಲಿ ಬೀಳುತ್ತದೆ. ಅವನ ಮೇಲೆ ಯಾರಿಗೂ ಅನುಮಾನವಿರಬೇಕಿಲ್ಲ. ಭಾರತವೂ ಹೊರಗುಳಿದಿರಲಿಲ್ಲ. 2013ರ ಮಾರ್ಚ್ ಒಂದರಲ್ಲೇ ಇಲ್ಲಿಂದ 630 ಕೋಟಿ ಮಾಹಿತಿ ತುಣುಕುಗಳು ಎನ್‌ಎಸ್‌ಎಗೆ ಸಿಕ್ಕವೆಂದು ಅದೇ ದಾಖಲೆಗಳು ತೋರಿಸಿದವು.

ನಮ್ಮಲ್ಲಿ ಈ ಕಥೆಗೆ ವಿಚಿತ್ರ ತಿರುವೊಂದಿದೆ. 1984ರಲ್ಲಿ ಹುಟ್ಟಿದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಕೂರಿಸಿತು. ದೂಳು, ಸೆಕೆ ತಡೆಯುವ ಆ ಪುಟ್ಟ ಪೆಟ್ಟಿಗೆಗಳಿಂದಲೇ ಹಳ್ಳಿಗಳಿಗೆ ಫೋನು ಹಬ್ಬಿತು. ದೇಶದ ಕರೆಗಳನ್ನು ಒಂದೇ ಕಡೆಯಿಂದ ಆಲಿಸಲು ಕೇಂದ್ರೀಯ ನಿಗಾ ವ್ಯವಸ್ಥೆ, ಅಂದರೆ ಸಿಎಂಎಸ್, ಕಟ್ಟಿದ್ದೂ ಅದೇ ಸಿ-ಡಾಟ್. ಹಳೆಯ ಪದ್ಧತಿಯಲ್ಲಿ ಫೋನ್ ಕಂಪನಿಯ ಅಧಿಕಾರಿಯೊಬ್ಬ ಆದೇಶವನ್ನು ಕಣ್ಣಾರೆ ನೋಡುತ್ತಿದ್ದ. ಸಿಎಂಎಸ್‌ನಲ್ಲಿ ಅವನಿಗೆ ಕೆಲಸವಿಲ್ಲ. ಗೋಪ್ಯ ಸೋರುವುದಿಲ್ಲ ಎಂಬುದೇ ಸರ್ಕಾರದ ಸಮರ್ಥನೆ. ಆದರೆ 1988ರಲ್ಲಿ ಸತ್ಯ ಸೋರಿದ್ದೂ ಅಂಥ ಸಂದಿಯಿಂದಲೇ ಅಲ್ಲವೇ!

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಎರಡೇ ವರ್ಷಕ್ಕೆ ರಾಜ್ಯದಲ್ಲಿ ಮತ್ತೆ ಕದ್ದಾಲಿಕೆಯ ಆರೋಪ ಎದ್ದು, ತನಿಖೆ ಸಿಬಿಐಗೆ ಹೋಯಿತು. 2023ರ ದೂರಸಂಪರ್ಕ ಕಾಯ್ದೆಯಡಿ 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳು ಬಂದವು. ಅವುಗಳಲ್ಲೂ ಕಾರ್ಯದರ್ಶಿಯ ಆದೇಶವನ್ನು ಪರಿಶೀಲಿಸುವವರು ಕಾರ್ಯದರ್ಶಿಗಳೇ; ಪರಿಶೀಲನಾ ಸಮಿತಿಯಲ್ಲಿ ನ್ಯಾಯಾಧೀಶರಿಗೆ ಕುರ್ಚಿ ಇಟ್ಟಿಲ್ಲ.