ಹಿತ್ತಾಳೆಯ ಒಂದು ತುಣುಕು

1940ರ ಬ್ರಿಟನ್ ಕದನದ ಮಾತು. ಶತ್ರುವನ್ನು ಬೆನ್ನಟ್ಟಿ ಥಟ್ಟನೆ ಕೆಳಗೆ ಧುಮುಕಿದೊಡನೆ ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನು ಕೆಮ್ಮತೊಡಗುತ್ತಿತ್ತು. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುತ್ತಿದ್ದ ಜರ್ಮನ್ ವಿಮಾನಕ್ಕೆ ಈ ಬಾಧೆಯಿರಲಿಲ್ಲ, ಅದು ತಪ್ಪಿಸಿಕೊಳ್ಳುತ್ತಿತ್ತು.

ಒಂದು ಕೆಮ್ಮಿನ ಹಿಂದೆ ಎರಡು ವ್ಯಾಧಿಗಳಿದ್ದುವು. ಕಾರ್ಬುರೇಟರಿನ ಪೆಟ್ರೋಲು ಮೇಲಕ್ಕೆ ನೆಗೆದು ಎಂಜಿನು ಮೊದಲು ಹಸಿಯುತ್ತಿತ್ತು. ಮರುಕ್ಷಣವೇ ಹತೋಟಿ ತಪ್ಪಿ ನುಗ್ಗಿದ ಪೆಟ್ರೋಲಿನಿಂದ ಉಸಿರುಗಟ್ಟುತ್ತಿತ್ತು. ಹೆಚ್ಚು ಅಪಾಯದ್ದು ಈ ಎರಡನೆಯದು.

ಫಾರ್ನ್‌ಬರೋ ವಿಮಾನ ಸಂಶೋಧನಾಲಯದ ಎಂಜಿನಿಯರ್ ಬಿಯಟ್ರಿಸ್ ಶಿಲಿಂಗ್ ಎಂಬ ಮಹಿಳೆ ಅದಕ್ಕೆ ಮದ್ದು ಕಂಡರು: ಅಳೆದು ಕೊರೆದ ರಂಧ್ರವುಳ್ಳ ಹಿತ್ತಾಳೆಯ ಪುಟ್ಟ ತುಣುಕು. ಎಂಜಿನಿಗೆ ಬೇಕಾದಷ್ಟೇ ಪೆಟ್ರೋಲು ಅದರೊಳಗೆ ಹಾಯುತ್ತಿತ್ತು. 1941ರಲ್ಲಿ ವಿಮಾನನೆಲೆಗಳಲ್ಲಿಯೇ ಅದನ್ನು ಜೋಡಿಸಲಾಯಿತು.

ಮೊದಲ ಕೆಮ್ಮು ಉಳಿಯಿತು. ಪ್ರಾಣಭಯ ಬಹುಮಟ್ಟಿಗೆ ತೊಲಗಿತು. ಪೂರ್ಣ ಪರಿಹಾರಕ್ಕೆ ಕಾಯುತ್ತ ಕೂರದೆ, ಕೊಲ್ಲುವ ರೋಗವನ್ನು ಮೊದಲು ತಡೆದ ವಿವೇಕವೂ ಶೌರ್ಯವೇ ಅಲ್ಲವೆ?